ಕರೆಯದೇ ಬಂದ ಆಪ್‌ಗಳು: ‘ಅನ್‌ಇನ್‌ಸ್ಟಾಲ್’ ಬಟನ್ ಬಂದ ಕಥೆ

1/10 | ಹಾವಿನ ಆಟದಿಂದ ಶುರು

ಫ್ರೆಂಡ್ಸ್, ಹೊಸ ಹಿಸ್ಟರಿ ಸರಣಿ. ಈ ಸಲ ರಾಜರೂ ಇಲ್ಲ, ಯುದ್ಧವೂ ಇಲ್ಲ. ನೀವು ಇದನ್ನು ಓದ್ತಿರೋ ಫೋನೇ ವಿಷಯ.

ಹೊಸ ಫೋನ್ ಆನ್ ಮಾಡಿದ ತಕ್ಷಣ ಒಳಗೆ ಯಾರ್ಯಾರೋ ಬಂದು ಕೂತಿರ್ತಾರೆ. ನಾವು ಕೇಳದ ಶಾಪಿಂಗ್ ಆಪ್, ಹೆಸರೇ ಗೊತ್ತಿಲ್ಲದ ಬ್ರೌಸರ್, ಎರಡೆರಡು ಗ್ಯಾಲರಿ, ಒಂದಷ್ಟು ಗೇಮ್. ಕೆಲವನ್ನು ಅಳಿಸಬಹುದು. ಇನ್ನು ಕೆಲವನ್ನು ಎಷ್ಟು ಹೊತ್ತು ಒತ್ತಿ ಹಿಡಿದ್ರೂ ‘ಅನ್‌ಇನ್‌ಸ್ಟಾಲ್’ ಅನ್ನೋ ಪದವೇ ಬರಲ್ಲ. ದುಡ್ಡು ಕೊಟ್ಟವರು ನಾವು, ತೆಗೆಯೋ ಅಧಿಕಾರ ಮಾತ್ರ ಬೇರೆ ಯಾರದ್ದೋ. ಯಾವಾಗಿಂದ ಹೀಗಾಯ್ತು?

ಫೋನ್ ಜೊತೆಗೇ ಬರೋ ಆಪ್ ಅಂದ್ರೆ ಮೊದಲಿಂದಲೂ ಕೆಟ್ಟದ್ದೇ ಅಂತೇನಿಲ್ಲ. 1997ರಲ್ಲಿ ಬಂದ ನೋಕಿಯಾ 6110 ಫೋನಿನಲ್ಲಿ ಒಂದು ಆಟ ಇತ್ತು. ಫಿನ್ಲೆಂಡಿನ ತನೇಲಿ ಅರ್ಮಾಂಟೊ ಆ ಫೋನಿಗೆ ಬರೆದ ಸ್ನೇಕ್. ನಮ್ಮಲ್ಲಿ ತುಂಬಾ ಜನ ಅಪ್ಪನ ಹಳೇ ನೋಕಿಯಾದಲ್ಲಿ ಅದರ ತಮ್ಮ-ತಂಗಿ ಆಟಗಳನ್ನು ಆಡಿರ್ತೀವಿ. ಆ ಹಾವೂ ನಾವು ಹಾಕಿಕೊಂಡದ್ದಲ್ಲ. ಆದ್ರೂ ಯಾರೂ ಬೈದಿಲ್ಲ. ಆಟ ಮುಗಿದ ಮೇಲೆ ಅದು ತೆಪ್ಪಗೆ ಮಲಗ್ತಿತ್ತು. ನೀವು ಎಲ್ಲಿದ್ದೀರಿ, ಯಾರಿಗೆ ಕಾಲ್ ಮಾಡಿದ್ರಿ ಅಂತ ಯಾರಿಗೂ ವರದಿ ಒಪ್ಪಿಸ್ತಿರಲಿಲ್ಲ.

ಫೋನಿಗೆ ಇಂಟರ್ನೆಟ್ ಬಂದ ಮೇಲೆ ಒಳಗೆ ಕೂತ ಆಪ್‌ಗೆ ಬಾಯಿ ಬಂತು. ಅಲ್ಲಿಂದ ಪ್ರಶ್ನೆ ಬರೀ ಜಾಗದ್ದಲ್ಲ. ಅದು ಯಾರ ಜೊತೆ ಮಾತಾಡುತ್ತೆ, ಅದನ್ನು ಅಲ್ಲಿ ಕೂರಿಸೋಕೆ ದುಡ್ಡು ಕೊಟ್ಟವರು ಯಾರು ಅನ್ನೋದು. ಆದ್ರೆ ಮೊದಲ ದೊಡ್ಡ ಜಗಳ ನಡೆದದ್ದು ಕಂಪ್ಯೂಟರ್ ಮೇಲೆ. ಬನ್ನಿ, 1995ಕ್ಕೆ ಹೋಗೋಣ.

2/10 | ಒಂದು ಐಕಾನ್‌ಗಾಗಿ ಕೋರ್ಟ್

1995ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ವಿಂಡೋಸ್ 95 ಬಿಡುಗಡೆ ಮಾಡಿತು. ಆಗ ಎಲ್ಲರ ಬಾಯಲ್ಲಿದ್ದ ಬ್ರೌಸರ್ ನೆಟ್‌ಸ್ಕೇಪ್. ಮೈಕ್ರೋಸಾಫ್ಟ್ ತನ್ನದೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ವಿಂಡೋಸ್ ಜೊತೆ ಕಟ್ಟಿ ಕೊಡೋಕೆ ಶುರು ಮಾಡಿತು. ಕಿರಾಣಿ ಅಂಗಡಿಯಲ್ಲಿ ‘ಸಕ್ಕರೆ ಬೇಕಾದ್ರೆ ಈ ಸೋಪೂ ತಗೊಳ್ಳಿ’ ಅಂದ ಹಾಗೆ. ಸೋಪಿಗೆ ದುಡ್ಡು ಬೇಡ ಅಂದ್ರೂ, ಪಕ್ಕದ ಸೋಪು ಮಾರೋನ ಕಥೆ ಮುಗೀತು.

1996ರಲ್ಲಿ ಕಾಂಪ್ಯಾಕ್ ಅನ್ನೋ ದೊಡ್ಡ ಕಂಪ್ಯೂಟರ್ ಕಂಪನಿ ಡೆಸ್ಕ್‌ಟಾಪಿನಿಂದ ಎಕ್ಸ್‌ಪ್ಲೋರರ್ ಐಕಾನ್ ತೆಗೆದುಬಿಟ್ಟಿತು. ಮೈಕ್ರೋಸಾಫ್ಟ್ ಏನಂತು ಗೊತ್ತಾ? ‘ಹಾಗಾದ್ರೆ ನಿಮಗೆ ವಿಂಡೋಸ್ ಲೈಸೆನ್ಸೇ ಇಲ್ಲ’ ಅಂತ ನೋಟಿಸ್. ಕಾಂಪ್ಯಾಕ್ ಐಕಾನನ್ನು ವಾಪಸ್ ಇಟ್ಟಿತು. ಆ ಹೊತ್ತಿಗೆ ವಿಂಡೋಸ್ ಇಲ್ಲದ ಕಂಪ್ಯೂಟರ್ ಮಾರೋದು ಅಂದ್ರೆ ಅಂಗಡಿ ಮುಚ್ಚಿದ ಹಾಗೆ.

1998ರ ಮೇ 18ರಂದು ಅಮೆರಿಕದ ನ್ಯಾಯ ಇಲಾಖೆ ಮತ್ತು 20 ರಾಜ್ಯಗಳು ಕೇಸ್ ಹಾಕಿದವು. 2000ದಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಕಂಪನಿಯನ್ನು ಎರಡು ಭಾಗ ಮಾಡಿ ಅಂತ ಆದೇಶ ಕೊಟ್ಟರು. 2001ರಲ್ಲಿ ಮೇಲಿನ ಕೋರ್ಟ್ ಆ ಆದೇಶ ರದ್ದು ಮಾಡಿತು. ಆದ್ರೆ ಏಕಸ್ವಾಮ್ಯ ಉಳಿಸಿಕೊಳ್ಳೋಕೆ ಕಾನೂನು ಮೀರಿದ್ದು ನಿಜ ಅಂತ ಎತ್ತಿಹಿಡಿಯಿತು. ಕೊನೆಗೆ ರಾಜಿಯಾಯ್ತು. ಐಕಾನನ್ನು ಕಣ್ಣಿಗೆ ಕಾಣದ ಹಾಗೆ ಮಾಡೋ ಅವಕಾಶ ಸಿಕ್ಕಿತು. ಒಳಗಿನ ಕೋಡ್ ಮಾತ್ರ ಅಲ್ಲೇ ಉಳೀತು.

‘ಮರೆಮಾಡೋದು’ ಬೇರೆ, ‘ತೆಗೆಯೋದು’ ಬೇರೆ. ಇದನ್ನು ನೆನಪಲ್ಲಿಡಿ, ಫೋನಿನ ಕಾಲದಲ್ಲಿ ಮತ್ತೆ ಬರುತ್ತೆ.

3/10 | ಕಸ ತೆಗೆಯೋಕೂ ಬಿಲ್

ಕಂಪ್ಯೂಟರ್ ಬೆಲೆ ಇಳೀತಾ ಹೋದ ಹಾಗೆ ಕಂಪನಿಗಳ ಲಾಭವೂ ಕರಗಿತು. ಆಗ ಒಂದು ಹೊಸ ಆದಾಯ ಕಾಣಿಸ್ತು. ಡೆಸ್ಕ್‌ಟಾಪ್ ಅಂದ್ರೆ ಹೈವೇ ಪಕ್ಕದ ಖಾಲಿ ಗೋಡೆ ಇದ್ದ ಹಾಗೆ, ಬೋರ್ಡ್ ಹಾಕೋಕೆ ಬಾಡಿಗೆ ಕೊಡಬಹುದು. 60 ದಿನದ ಟ್ರಯಲ್ ಆಂಟಿವೈರಸ್, ಮ್ಯೂಸಿಕ್ ಅಂಗಡಿ, ಇಂಟರ್ನೆಟ್ ಕನೆಕ್ಷನ್ ಆಫರ್ ಎಲ್ಲಾ ಬಂದು ಕೂತವು. 2007ರಲ್ಲಿ ಅಮೆರಿಕದ ಅಂಕಣಕಾರ ವಾಲ್ಟ್ ಮಾಸ್‌ಬರ್ಗ್ ಇವನ್ನು ‘ಕ್ರ್ಯಾಪ್‌ಲೆಟ್’ ಅಂತ ಕರೆದು ಬರೆದರು. ಕನ್ನಡದಲ್ಲಿ ‘ಕಸದಾಪ್’ ಅನ್ನಬಹುದೇನೋ.

2008ರ ಮಾರ್ಚ್‌ನಲ್ಲಿ ಸೋನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ತನ್ನ ವಯೋ ಲ್ಯಾಪ್‌ಟಾಪ್ ಆರ್ಡರ್ ಮಾಡುವಾಗ ‘ಫ್ರೆಶ್ ಸ್ಟಾರ್ಟ್’ ಅನ್ನೋ ಆಯ್ಕೆ ಕೊಟ್ಟಿತು. ಕಸ ಇಲ್ಲದ ಕ್ಲೀನ್ ಲ್ಯಾಪ್‌ಟಾಪ್ ಬೇಕಾ? ಸುಮಾರು 50 ಡಾಲರ್ ಜಾಸ್ತಿ ಕೊಡಿ! ಅವರೇ ಹಾಕಿದ ಕಸ ಎತ್ತೋಕೆ ಅವರಿಗೇ ಕೂಲಿ. ಜನ ಇಂಟರ್ನೆಟ್ಟಿನಲ್ಲಿ ಸರಿಯಾಗಿ ಬೈದರು. ಸೋನಿ ಆ ಶುಲ್ಕ ಕೈಬಿಟ್ಟು ಫ್ರೀ ಮಾಡಿತು.

ಬಿಕಾಂ ಕಣ್ಣಿಂದ ನೋಡಿದ್ರೆ ಈ ಚಿಕ್ಕ ಘಟನೆ ತುಂಬಾ ಮುಖ್ಯ. ಯಾಕಂದ್ರೆ ಕಸ ಇಲ್ಲದ ಮಷೀನಿಗೆ ಒಂದು ಬೆಲೆ ಇದೆ ಅಂತ ಕಂಪನಿಯೇ ಬಿಲ್‌ನಲ್ಲಿ ಬರೆದು ತೋರಿಸ್ತು. ಅಂದ್ರೆ ನಾವು ಕೊಡೋ ರೇಟಿನ ಆಚೆ ಇನ್ನೊಂದು ರೇಟ್ ಇದೆ. ಅದನ್ನು ಬೇರೆ ಯಾರೋ ಕೊಡ್ತಿದ್ದಾರೆ. ಅವರು ಸುಮ್ಮನೆ ಯಾಕೆ ಕೊಡ್ತಾರೆ?

4/10 | ಫೋನಿನೊಳಗಿನ ಗೋಡೆ ಕಪಾಟು

2007ರಲ್ಲಿ ಮೊದಲ ಐಫೋನ್ ಬಂತು. ಅದರಲ್ಲಿ ಷೇರು ಬೆಲೆ ತೋರಿಸೋ ‘ಸ್ಟಾಕ್ಸ್’ ಆಪ್ ಇತ್ತು. ಷೇರು ಮಾರ್ಕೆಟ್ ಕಡೆ ತಲೆ ಹಾಕದವರ ಫೋನಿನಲ್ಲೂ ಇತ್ತು. ಅದನ್ನು ಹೋಮ್ ಸ್ಕ್ರೀನಿನಿಂದ ತೆಗೆಯೋಕೆ ಆಪಲ್ ಬಿಟ್ಟಿದ್ದು 2016ರಲ್ಲಿ, ಐಒಎಸ್ 10 ಬಂದಾಗ. 9 ವರ್ಷ ಬೇಕಾಯ್ತು.

ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಇದರೊಳಗೆ ಏನು ನಡೆಯುತ್ತೆ ಅಂತ ಸಿಂಪಲ್ ಆಗಿ ಹೇಳ್ತೀನಿ. ಪ್ಲೇ ಸ್ಟೋರಿನಿಂದ ನಾವು ಹಾಕೋ ಆಪ್ ಮನೆಯಲ್ಲಿಟ್ಟ ಕುರ್ಚಿ ಥರ, ಎತ್ತಿ ಹೊರಗಿಡಬಹುದು. ಕಂಪನಿ ಹಾಕಿದ ಸಿಸ್ಟಮ್ ಆಪ್ ಗೋಡೆಯಲ್ಲೇ ಕಟ್ಟಿದ ಕಪಾಟು. ಅದು ಕೂತಿರೋ ‘ಸಿಸ್ಟಮ್ ಪಾರ್ಟಿಷನ್’ ಭಾಗವನ್ನು ನಾವು ಓದಬಹುದು, ಬದಲಾಯಿಸೋಕೆ ಆಗಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಅದು ಹೋಗಲ್ಲ, ಮತ್ತೆ ಎದ್ದು ಕೂರುತ್ತೆ.

ಇನ್ನೊಂದು ವಿಷಯ. ನಾವು ಹಾಕಿದ ಆಪ್ ಕ್ಯಾಮೆರಾ, ಕಾಂಟ್ಯಾಕ್ಟ್ಸ್ ಬೇಕಾದ್ರೆ ಕೇಳ್ಲೇಬೇಕು. ಕೆಲವು ಸಿಸ್ಟಮ್ ಆಪ್‌ಗಳಿಗೆ ಕಂಪನಿಯೇ ಮೊದಲೇ ವಿಶೇಷ ಅನುಮತಿ ಕೊಟ್ಟು ಕಳಿಸಿರುತ್ತೆ. ನಮ್ಮನ್ನು ಕೇಳೋ ಸೀನೇ ಇಲ್ಲ.

2011ರಲ್ಲಿ ಆಂಡ್ರಾಯ್ಡ್ 4.0 ಬಂದಾಗ ‘ಡಿಸೇಬಲ್’ ಬಟನ್ ಸಿಕ್ಕಿತು. ಕಪಾಟಿಗೆ ಬೀಗ ಹಾಕಬಹುದು, ಕಪಾಟು ಮಾತ್ರ ಅಲ್ಲೇ. ವಿಂಡೋಸ್ ಐಕಾನಿನ ಕಥೆ ನೆನಪಾಯ್ತಾ? ಅದೇ ವರ್ಷ ಒಬ್ಬ ಹುಡುಗ ಆ ಕಪಾಟಿನೊಳಗೆ ಇಣುಕಿ ನೋಡಿದ. ಮುಂದಿನ ಪೋಸ್ಟ್‌ನಲ್ಲಿ.

5/10 | ಕಪಾಟಿನೊಳಗೆ ಏನಿತ್ತು?

2011ರ ನವೆಂಬರ್. ಟ್ರೆವರ್ ಎಕ್‌ಹಾರ್ಟ್ ಅನ್ನೋ ಅಮೆರಿಕನ್ ಯುವಕ ತನ್ನ ಆಂಡ್ರಾಯ್ಡ್ ಫೋನಿನೊಳಗೆ ‘ಕ್ಯಾರಿಯರ್ ಐಕ್ಯೂ’ ಅನ್ನೋ ಸಾಫ್ಟ್‌ವೇರ್ ಕಂಡುಹಿಡಿದ. ಮೆನುವಿನಲ್ಲಿ ಕಾಣಲ್ಲ, ನಿಲ್ಲಿಸೋಕೆ ಬಟನ್ ಇಲ್ಲ. ತಾನು ಒತ್ತಿದ ಕೀಗಳು ಫೋನಿನ ಲಾಗ್‌ನಲ್ಲಿ ಮೂಡೋದನ್ನು ವಿಡಿಯೋ ಮಾಡಿ ಹಾಕಿದ. ತನ್ನ ಸಾಫ್ಟ್‌ವೇರ್ 14 ಕೋಟಿಗೂ ಹೆಚ್ಚು ಫೋನ್‌ಗಳಲ್ಲಿದೆ ಅಂತ ಕಂಪನಿಯೇ ತನ್ನ ಸೈಟಿನಲ್ಲಿ ಲೆಕ್ಕ ತೋರಿಸ್ತಿತ್ತು. ವಿಡಿಯೋಗೆ ಮುಂಚೆಯೇ, ಅವನು ಬರೆದದ್ದನ್ನು ತೆಗೀಬೇಕು ಅಂತ ಲೀಗಲ್ ನೋಟಿಸ್ ಕಳಿಸಿತ್ತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅವನ ಪರ ನಿಂತಿತು. ಕಂಪನಿ ನೋಟಿಸ್ ಹಿಂಪಡೆದು ಕ್ಷಮೆ ಕೇಳಿತು. ಇದೆಲ್ಲ ನೆಟ್‌ವರ್ಕ್ ಸುಧಾರಿಸೋಕೆ, ಮೆಸೇಜ್ ಓದೋಕಲ್ಲ ಅಂತ ವಾದಿಸ್ತು. ಇರಬಹುದು. ಆದ್ರೆ ಫೋನಿನ ಮಾಲೀಕರಿಗೆ ಹೇಳೇ ಇರಲಿಲ್ಲವಲ್ಲ!

2016ರ ನವೆಂಬರ್. ಬ್ಲೂ ಆರ್1 ಎಚ್‌ಡಿ ಅನ್ನೋ ಫೋನ್ ಅಮೆರಿಕದಲ್ಲಿ ಲಾಕ್ ಸ್ಕ್ರೀನ್ ಜಾಹೀರಾತಿನ ಜೊತೆ ಬರೀ 50 ಡಾಲರಿಗೆ ಸಿಗ್ತಿತ್ತು. ಕ್ರಿಪ್ಟೋವೈರ್ ಅನ್ನೋ ಭದ್ರತಾ ಸಂಸ್ಥೆ ಅದನ್ನು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಶಾಂಘೈನ ಆ್ಯಡಪ್ಸ್ ಕಂಪನಿಯ ಅಪ್‌ಡೇಟ್ ಸಾಫ್ಟ್‌ವೇರ್. ಅದು 72 ಗಂಟೆಗೊಮ್ಮೆ ಪೂರ್ತಿ ಎಸ್‌ಎಂಎಸ್‌ಗಳನ್ನೂ ಕಾಲ್ ಲಾಗನ್ನೂ ಚೀನಾದ ಸರ್ವರಿಗೆ ಕಳಿಸ್ತಿತ್ತು. ಸುಮಾರು 1,20,000 ಫೋನ್‌ಗಳಿಗೆ ಇದು ತಟ್ಟಿದೆ ಅಂತ ಬ್ಲೂ ಹೇಳಿತು. ಬೇರೊಂದು ಚೀನೀ ಕಂಪನಿಗೆ ಮಾಡಿದ್ದು ತಪ್ಪಿ ಇಲ್ಲಿಗೆ ಬಂತು ಅಂತ ಆ್ಯಡಪ್ಸ್ ಹೇಳಿತು.

ಗಮನಿಸಿ, ಇದು ಸಿಕ್ಕಿದ್ದು 50 ಡಾಲರ್ ಫೋನಿನಲ್ಲಿ. ದುಡ್ಡು ಕಮ್ಮಿ ಇರೋರ ಕೈಗೆ ಹೋಗೋ ಫೋನಿನಲ್ಲಿ.

6/10 | ಲೆಕ್ಕದ ಪುಸ್ತಕ ತೆಗೆದ್ರೆ

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಕಾಸ್ಟ್ ಅಕೌಂಟಿಂಗ್.

2018ರ ಏಪ್ರಿಲ್‌ನಲ್ಲಿ ಶಿಯೋಮಿಯ ಲೇ ಜುನ್ ಒಂದು ಘೋಷಣೆ ಮಾಡಿದರು. ಹಾರ್ಡ್‌ವೇರ್ ಮೇಲೆ ತೆರಿಗೆ ಕಳೆದು 5% ಗಿಂತ ಹೆಚ್ಚು ಲಾಭ ಇಟ್ಟುಕೊಳ್ಳಲ್ಲ ಅಂತ. ಗ್ರಾಹಕರಿಗೆ ಖುಷಿಯ ಸುದ್ದಿಯೇ. ಹಾಗಾದ್ರೆ ಕಂಪನಿ ಬದುಕೋದು ಹೇಗೆ? ಇಂಟರ್ನೆಟ್ ಸೇವೆಗಳಿಂದ, ಅಂದ್ರೆ ಜಾಹೀರಾತು, ಗೇಮ್ ಇತ್ಯಾದಿ. ಇದರಲ್ಲಿ ಗುಟ್ಟೇನಿಲ್ಲ, ಕಂಪನಿಯೇ ಹೂಡಿಕೆದಾರರಿಗೆ ಹೇಳಿದ ಮಾಡೆಲ್. ಫೋನ್ ಮಾರಿದ ದಿನ ವ್ಯಾಪಾರ ಮುಗಿಯಲ್ಲ, ಅವತ್ತು ಶುರುವಾಗುತ್ತೆ.

ಮೇಲಿನ ಮಟ್ಟದಲ್ಲೂ ಇದೇ ಕಥೆ. ಬ್ರೌಸರ್‌ಗಳಲ್ಲಿ, ಫೋನ್‌ಗಳಲ್ಲಿ ತನ್ನ ಸರ್ಚ್ ಡೀಫಾಲ್ಟ್ ಆಗಿರಲಿ ಅಂತ ಗೂಗಲ್ 2021 ಒಂದೇ ವರ್ಷ ಕೊಟ್ಟಿದ್ದು 2,630 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ ಇದು. ಜನ ಸೆಟ್ಟಿಂಗ್ ಬದಲಾಯಿಸೋಕೆ ಹೋಗಲ್ಲ ಅನ್ನೋ ನಮ್ಮ ಸೋಮಾರಿತನಕ್ಕೆ ಮಾರ್ಕೆಟ್ ಕಟ್ಟಿದ ರೇಟ್ ಇದು! 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಆ ಕೇಸಿನಲ್ಲಿ ಗೂಗಲ್ ಏಕಸ್ವಾಮ್ಯ ಕಾನೂನು ಮುರಿದಿದೆ ಅಂತ ತೀರ್ಪು ಕೊಟ್ಟರು.

ಈ ವ್ಯಾಪಾರ ಎಷ್ಟು ದೊಡ್ಡದು? ಸ್ಪೇನ್ ಮತ್ತು ಅಮೆರಿಕದ ಸಂಶೋಧಕರು ಸೇರಿ 2019ರಲ್ಲಿ ಹೊರತಂದ ಅಧ್ಯಯನ 1,700ಕ್ಕೂ ಹೆಚ್ಚು ಆಂಡ್ರಾಯ್ಡ್ ಸಾಧನಗಳನ್ನು ನೋಡಿತು. 214 ಬ್ರ್ಯಾಂಡ್, 82,000ಕ್ಕೂ ಹೆಚ್ಚು ಮೊದಲೇ ಹಾಕಿದ ಆಪ್‌ಗಳು. ಅವುಗಳಲ್ಲಿ ಬಹುಪಾಲು ಪ್ಲೇ ಸ್ಟೋರಿನಲ್ಲೇ ಇಲ್ಲ. 2020ರ ಜನವರಿಯಲ್ಲಿ ಪ್ರೈವಸಿ ಇಂಟರ್‌ನ್ಯಾಷನಲ್ ಸೇರಿ 50ಕ್ಕೂ ಹೆಚ್ಚು ಸಂಸ್ಥೆಗಳು ಸುಂದರ್ ಪಿಚೈಗೆ ಬಹಿರಂಗ ಪತ್ರ ಬರೆದವು. ಕೇಳಿದ್ದು ಚಿಕ್ಕದು: ಇವನ್ನು ಪೂರ್ತಿ ಅಳಿಸೋಕೆ ನಮಗೆ ಬಿಡಿ.

7/10 | ದೇಶಗಳು ಎದ್ದವು

ಕೆಲವು ಸರ್ಕಾರಗಳು ಇದಕ್ಕೂ ಮೊದಲೇ ಎಚ್ಚೆತ್ತಿದ್ದವು.

▪ ದಕ್ಷಿಣ ಕೊರಿಯಾ, 2014: ಅಗತ್ಯವಿಲ್ಲದ ಆಪ್‌ಗಳನ್ನು ಬಳಕೆದಾರರು ಅಳಿಸೋ ಹಾಗಿರಬೇಕು ಅಂತ ಮಾರ್ಗಸೂಚಿ. ಸ್ಯಾಮ್‌ಸಂಗ್, ಎಲ್‌ಜಿಗಳ ತವರೂರಲ್ಲೇ.

▪ ಚೀನಾ, 2015: ಶಾಂಘೈ ಗ್ರಾಹಕ ಮಂಡಳಿ ಸ್ಯಾಮ್‌ಸಂಗ್ ಮತ್ತು ಒಪ್ಪೋ ಮೇಲೆ ಕೇಸ್ ಹಾಕಿತು. ಒಂದು ಸ್ಯಾಮ್‌ಸಂಗ್ ಮಾಡೆಲ್‌ನಲ್ಲಿ 44, ಒಂದು ಒಪ್ಪೋ ಮಾಡೆಲ್‌ನಲ್ಲಿ 71 ಆಪ್ ಮೊದಲೇ ಕೂತಿದ್ದವು. 2017ರ ಜುಲೈ 1ರಿಂದ, ಫೋನಿನ ಮೂಲ ಕೆಲಸಕ್ಕೆ ಬೇಡದ ಆಪ್‌ಗಳು ಅಳಿಸೋಕೆ ಬರಬೇಕು ಅನ್ನೋ ನಿಯಮವೇ ಬಂತು.

▪ ಯುರೋಪ್, 2018: ಪ್ಲೇ ಸ್ಟೋರ್ ಬೇಕಾದ್ರೆ ಸರ್ಚ್ ಮತ್ತು ಕ್ರೋಮ್ ಕೂಡ ಹಾಕ್ಲೇಬೇಕು ಅನ್ನೋ ಕರಾರಿಗೆ ಯುರೋಪಿಯನ್ ಕಮಿಷನ್ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಕೋರ್ಟ್ ಅದನ್ನು 412.5 ಕೋಟಿಗೆ ಇಳಿಸಿತು. 2024ರ ಮಾರ್ಚ್‌ನಿಂದ ಅಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ ದೊಡ್ಡ ಕಂಪನಿಗಳು ಆಪ್ ಅಳಿಸೋದನ್ನು ಸುಲಭ ಮಾಡ್ಲೇಬೇಕು.

▪ ರಷ್ಯಾ ಉಲ್ಟಾ ದಾರಿ ಹಿಡೀತು. ಅಲ್ಲಿ ಮಾರೋ ಫೋನ್‌ಗಳಲ್ಲಿ ರಷ್ಯನ್ ಆಪ್‌ಗಳು ಇರಲೇಬೇಕು ಅನ್ನೋ ಕಾನೂನು 2021ರ ಏಪ್ರಿಲ್ 1ರಿಂದ ಜಾರಿ. 2025ರ ಸೆಪ್ಟೆಂಬರ್‌ನಿಂದ ಆ ಪಟ್ಟಿಗೆ ‘ಮ್ಯಾಕ್ಸ್’ ಅನ್ನೋ ಮೆಸೆಂಜರ್ ಕೂಡ ಸೇರಿತು.

ಅಂದ್ರೆ ಕರೆಯದೇ ಬರೋ ನೆಂಟ ಯಾವಾಗಲೂ ಕಂಪನಿಯೇ ಆಗಿರಬೇಕಿಲ್ಲ. ಸರ್ಕಾರವೂ ಬರಬಹುದು. ಈ ಎರಡೂ ಜಗಳ ನಮ್ಮ ದೇಶದಲ್ಲೂ ನಡೆದಿವೆ.

8/10 | ನಮ್ಮ ವಯಸ್ಸಿನವರು ಹಾಕಿದ ಕೇಸ್

2018. ಭಾರತೀಯ ಸ್ಪರ್ಧಾ ಆಯೋಗಕ್ಕೆ, ಅಂದ್ರೆ ಸಿಸಿಐಗೆ, ಗೂಗಲ್ ಮೇಲೆ ಒಂದು ದೂರು ಹೋಯ್ತು. 2018ರ ಕೇಸ್ ನಂಬರ್ 39. ದೂರು ಕೊಟ್ಟವರು ದೊಡ್ಡ ಕಂಪನಿ ಅಲ್ಲ, ಹೆಸರಾಂತ ವಕೀಲರೂ ಅಲ್ಲ. ಮೂವರು ಯುವಜನರು. ಅವರಲ್ಲಿ ಒಬ್ಬರು ಕಾನೂನು ವಿದ್ಯಾರ್ಥಿ.

ನಮ್ಮ ಬಿಸಿನೆಸ್ ಲಾ ಪುಸ್ತಕದಲ್ಲಿ ಸ್ಪರ್ಧಾ ಕಾಯ್ದೆ 2002, ಸೆಕ್ಷನ್ 4 ಅಂತ ಓದ್ತೀವಲ್ಲ, ‘ಪ್ರಾಬಲ್ಯದ ದುರುಪಯೋಗ’ ಅಂತ? ಅದೇ. ಎರಡು ಮಾರ್ಕಿನ ಪ್ರಶ್ನೆ ಅಂತ ನಾವು ಪುಟ ತಿರುಗಿಸೋ ಸೆಕ್ಷನ್ ಇಟ್ಟುಕೊಂಡು ಇವರು ಪ್ರಪಂಚದ ದೊಡ್ಡ ಕಂಪನಿಯೊಂದನ್ನು ಪ್ರಶ್ನೆ ಮಾಡಿದರು. 2019ರಲ್ಲಿ ತನಿಖೆಗೆ ಆದೇಶ ಆಯ್ತು. 2022ರ ಅಕ್ಟೋಬರ್ 20ರಂದು ಸಿಸಿಐ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಗೂಗಲ್ ಆಪ್‌ಗಳ ಇಡೀ ಕಟ್ಟನ್ನೇ ಕಡ್ಡಾಯವಾಗಿ ಹಾಕಿಸೋದು, ಅಳಿಸೋಕೂ ಬಿಡದಿರೋದು ಅನ್ಯಾಯದ ಷರತ್ತು ಅಂತ ಹೇಳಿತು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡೋಕೆ ಒಪ್ಪಲಿಲ್ಲ. ಭಾರತದಲ್ಲಿ ಫೋನ್ ಕಂಪನಿಗಳು ತನ್ನ ಆಪ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು ಅಂತ ಗೂಗಲ್ ಪ್ರಕಟಿಸ್ತು. ಅದೇ ವರ್ಷ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಆದ್ರೆ ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಆ ನಾಲ್ಕರಲ್ಲಿ ಅಳಿಸೋಕೆ ಬಿಡಬೇಕು ಅನ್ನೋದೂ ಒಂದು.

ದಂಡ ಉಳೀತು, ಬಟನ್ ಹೋಯ್ತು. ಕೇಸ್ ಗೆಲ್ಲೋದು ಬೇರೆ, ಬೇಕಾದ್ದು ಕೈಗೆ ಸಿಗೋದು ಬೇರೆ.

9/10 | ಐದು ದಿನದ ಆದೇಶ

ಈಗ ಸರ್ಕಾರದ ಸರದಿ. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಫೋನ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. 90 ದಿನದೊಳಗೆ ಹೊಸ ಫೋನ್‌ಗಳಲ್ಲಿ ‘ಸಂಚಾರ್ ಸಾಥಿ’ ಆಪ್ ಮೊದಲೇ ಇರಬೇಕು, ಅದರ ಸೌಲಭ್ಯಗಳನ್ನು ಡಿಸೇಬಲ್ ಮಾಡೋ ಹಾಗಿರಬಾರದು. ಕಳೆದ ಫೋನ್ ಬ್ಲಾಕ್ ಮಾಡೋದು, ವಂಚನೆ ಕಾಲ್ ಬಗ್ಗೆ ದೂರು ಕೊಡೋದು ಈ ಆಪ್‌ನಿಂದ ಆಗುತ್ತೆ. ಕೆಲಸಕ್ಕೆ ಬರೋ ಆಪ್ ಅನ್ನೋದರಲ್ಲಿ ಅನುಮಾನ ಇಲ್ಲ. ಆದ್ರೆ ಡಿಸೆಂಬರ್ 1ರಂದು ಸುದ್ದಿ ಹೊರಬಂದ ಕೂಡಲೇ ‘ಬೇಡ ಅನ್ನೋ ಆಯ್ಕೆ ಎಲ್ಲಿ?’ ಅಂತ ದೇಶದ ತುಂಬಾ ಪ್ರಶ್ನೆ ಎದ್ದಿತು. ಮರುದಿನ ಸಚಿವರು ‘ಬೇಡವಾದ್ರೆ ಅಳಿಸಬಹುದು’ ಅಂದರು. ಡಿಸೆಂಬರ್ 3ರಂದು ಸರ್ಕಾರ ಕಡ್ಡಾಯವನ್ನು ಹಿಂಪಡೆಯಿತು. ಆದೇಶ ಬದುಕಿದ್ದು ಐದು ದಿನ.

ಇಲ್ಲಿ ನಮ್ಮೂರಿನ ಒಬ್ಬ ಹಿರಿಯರನ್ನು ನೆನೀಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಇವತ್ತು ನಾವು ‘ನನ್ನ ಫೋನ್, ನನ್ನ ಡೇಟಾ’ ಅಂತ ಧೈರ್ಯವಾಗಿ ಹೇಳ್ತೀವಲ್ಲ, ಅದರ ಬುನಾದಿ ಆ ತೀರ್ಪು.

ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಮುಕ್ತವಾಗಿರಬೇಕು, ಯಾವುದಕ್ಕೆ ಅಂತ ಸ್ಪಷ್ಟವಾಗಿರಬೇಕು ಅನ್ನುತ್ತೆ ಅದು. ಇನ್ನೊಂದು ಮಾತೂ ಇದೆ: ಒಪ್ಪಿಗೆ ಕೇಳೋ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಇರಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರ್ತವೆ.

10/10 | ಹಾಗಾದ್ರೆ ನಾವೇನು ಮಾಡೋಣ?

ಹಿಂದೆ ತಿರುಗಿ ನೋಡಿ. ಅಳಿಸೋ ಹಕ್ಕನ್ನು ಯಾರೂ ತಾವಾಗೇ ಕೊಡಲಿಲ್ಲ. ಸೋನಿ ಶುಲ್ಕ ಬಿಟ್ಟಿದ್ದು ಜನ ಬೈದ ಮೇಲೆ. ಕ್ಯಾರಿಯರ್ ಐಕ್ಯೂ ಹೊರಬಿದ್ದಿದ್ದು ಒಬ್ಬ ಇಣುಕಿ ನೋಡಿದ ಮೇಲೆ. ಸಿಸಿಐ ಆದೇಶ ಬಂದದ್ದು ಮೂವರು ದೂರು ಕೊಟ್ಟ ಮೇಲೆ. ಪ್ರತೀ ಸಲ ಯಾರೋ ಒಬ್ಬರು ‘ಇದು ಇಲ್ಲಿ ಯಾಕಿದೆ?’ ಅಂತ ಕೇಳಬೇಕಾಯ್ತು.

ಇವತ್ತೇ ಮಾಡಬಹುದಾದ್ದು (ಸೇವ್ ಮಾಡ್ಕೊಳ್ಳಿ):

✔ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ಪಟ್ಟಿ ಪೂರ್ತಿ ಓದಿ. ಬೇಡದ್ದು ಅನ್‌ಇನ್‌ಸ್ಟಾಲ್. ಆ ಬಟನ್ ಇಲ್ಲದಿದ್ರೆ ಡಿಸೇಬಲ್.
✔ ಉಳಿದವುಗಳ ಪರ್ಮಿಷನ್ ನೋಡಿ. ಕ್ಯಾಲ್ಕ್ಯುಲೇಟರ್‌ಗೆ ಲೊಕೇಶನ್ ಯಾಕೆ ಬೇಕು?
✔ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾಗಿದ್ರೆ ಪ್ರೈವಸಿ, ಆಡ್ಸ್ ಒಳಗೆ ಹೋಗಿ ಜಾಹೀರಾತು ಐಡಿ ಡಿಲೀಟ್ ಮಾಡಬಹುದು.
✔ ಹೊಸ ಫೋನ್ ಸೆಟಪ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಬೇಡಿ. ಬೇಡದ ಟಿಕ್ ಅಲ್ಲೇ ತೆಗೀರಿ.
✔ ದೊಡ್ಡ ಅಪ್‌ಡೇಟ್ ಆದ ಮೇಲೆ ಪಟ್ಟಿ ಮತ್ತೊಮ್ಮೆ ನೋಡಿ.
⚠ ಕಂಪ್ಯೂಟರಿಗೆ ಫೋನ್ ಜೋಡಿಸಿ ಎಡಿಬಿ ಕಮಾಂಡ್‌ನಿಂದ ಸಿಸ್ಟಮ್ ಆಪ್ ತೆಗೆಯೋ ದಾರಿಯೂ ಇದೆ. ನಿಮ್ಮ ಮಟ್ಟಿಗೆ ಆಪ್ ಹೋಗುತ್ತೆ, ಮೂಲ ಪ್ರತಿ ಸಿಸ್ಟಮ್ ಪಾರ್ಟಿಷನ್ನಿನಲ್ಲೇ ಇರುತ್ತೆ. ಆದ್ರೆ ಏನು ತೆಗೀತಿದ್ದೀರಿ ಅಂತ ಗೊತ್ತಿಲ್ಲದೆ ಕೈ ಹಾಕಬೇಡಿ. ತಪ್ಪು ಆಪ್ ತೆಗೆದ್ರೆ ಫೋನ್ ಸರಿಯಾಗಿ ಆನ್ ಆಗದೇ ಇರಬಹುದು. ಮೊದಲು ಬ್ಯಾಕಪ್, ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗಿಂಗ್ ಆಫ್.

ಕೊನೇ ಮಾತು. ನಮಗಾದ್ರೆ ಸೆಟ್ಟಿಂಗ್ಸ್ ಹುಡುಕೋಕೆ ಗೊತ್ತು. ನಮ್ಮ ಅಮ್ಮ, ಅಜ್ಜಿ, ಊರಿನ ಮಾವನ ಫೋನಿನಲ್ಲಿ ಇಂಗ್ಲಿಷಿನಲ್ಲಿ ಒಂದು ಬಾಕ್ಸ್ ಬರುತ್ತೆ, ಅವರು ‘ಓಕೆ’ ಒತ್ತಿ ಮುಂದೆ ಹೋಗ್ತಾರೆ. ಆ ಫೋನೂ ಮನೆಯ ಎಲ್ಲಕ್ಕಿಂತ ಅಗ್ಗದ ಫೋನೇ ಆಗಿರುತ್ತೆ, ಕಸ ಜಾಸ್ತಿ ಇರೋದೂ ಅದರಲ್ಲೇ. ಬ್ಯಾಂಕಿನ ಓಟಿಪಿ ಬರೋದೂ ಅದಕ್ಕೇ. ಈ ಭಾನುವಾರ ಅರ್ಧ ಗಂಟೆ ಅವರ ಪಕ್ಕ ಕೂತು, ಒಂದೊಂದೇ ಆಪ್ ತೋರಿಸಿ ‘ಇದು ನಿಮಗೆ ಬೇಕಾ?’ ಅಂತ ಕನ್ನಡದಲ್ಲಿ ಕೇಳಿ. ತೆಗೆಯೋ ಬಟನ್ನನ್ನು ಅವರ ಕೈಯಿಂದಲೇ ಒತ್ತಿಸಿ.

ಎಷ್ಟು ಆಪ್ ಹೋಯ್ತು ಅಂತ ಕಾಮೆಂಟ್‌ನಲ್ಲಿ ಹಾಕಿ. ಕ್ಲಾಸ್ ಗ್ರೂಪಿಗೂ ಶೇರ್ ಮಾಡಿ.

#ಕನ್ನಡದಲ್ಲಿಇತಿಹಾಸ #ಖಾಸಗಿತನ #ಅನ್‌ಇನ್‌ಸ್ಟಾಲ್ #ಬಿಕಾಂಹುಡುಗರು